ಕೆಮ್ಮಿನವನ ಎಡಗೈ

ಮನುಷ್ಯರ ಬಾಯಿ ಕಂಡರೆ ನನಗೆ ಹೇಸಿಗೆ. ಹಲ್ಲಿನ ಡಾಕ್ಟರಾದವನು ಹೀಗೆ ಹೇಳಬಾರದು, ಗೊತ್ತಿದೆ. ಆದರೆ ಬಸವಕಲ್ಯಾಣದಲ್ಲಿ ದವಾಖಾನೆ ತೆರೆದು ಅರ್ಧ ಆಯುಷ್ಯವನ್ನು ಇನ್ನೊಬ್ಬರ ಬಾಯಿಯೊಳಗೆ ಕಳೆದವನಿಗೆ ಇಷ್ಟು ಹೇಳುವ ಹಕ್ಕಾದರೂ ಇರಬೇಕು. ಬೆಳಿಗ್ಗೆ ನಾರಾಯಣಪುರದ ರೈತ ಬಾಯಿ ತೆರೆದರೆ ಗುಟ್ಕಾ. ಮಧ್ಯಾಹ್ನ ಲಾರಿ ಬಾಡಿ ಕಟ್ಟುವವನು ತೆರೆದರೆ ಗುಟ್ಕಾ. ಸಂಜೆ ಇಸ್ತ್ರಿ ಅಂಗಿಯ ಮಾಸ್ತರರು ತೆರೆದರೆ ಏಲಕ್ಕಿ ವಾಸನೆಯ ಕೆಳಗೆ ಅದೇ ಗುಟ್ಕಾ. "ತಿಂತೀರೇನ್ರಿ?" ಎಂದು ಕೇಳಿದರೆ ಕೆಂಪು ಹಲ್ಲು ತೋರಿಸಿ "ಇಲ್ರೀ ಸಾಹೇಬ್ರ, ಯಾವಾಗೋ ಬಿಟ್ಟೀನಿ" ಅನ್ನುತ್ತಾರೆ. ಬಿಟ್ಟದ್ದು ನನ್ನ ಮೆಟ್ಟಿಲ ಮೇಲೆ ಇನ್ನೂ ಹಸಿಯಾಗಿರುತ್ತದೆ.

ದವಾಖಾನೆ ಇರುವುದು ನನ್ನ ಅಣ್ಣನ ಅಂಗಡಿಯ ಮೇಲೆ. ಅಣ್ಣ ಪಂಪ್‌ಸೆಟ್ಟು, ಪೈಪು, ಬೆಳೆಗೆ ಔಷಧ ಹೊಡೆಯುವ ಮಶೀನು ಮಾರುತ್ತಾನೆ. ಮೇಲೆ ನಾನು ಊರವರ ಹಲ್ಲಿನಿಂದ ಗುಟ್ಕಾ ಕೆರೆಯುತ್ತಿದ್ದರೆ ಕೆಳಗೆ ಅವನು ಹೊಸ ಪುಡಿಕೆ ಹರಿದು ಬಾಯಿಗೆ ಸುರಿದುಕೊಳ್ಳುತ್ತಿರುತ್ತಾನೆ. ಮೆಟ್ಟಿಲ ಮೂಲೆಯಲ್ಲಿ ಉಗುಳುತ್ತಾನೆಂದು ನಾನು ಅಲ್ಲಿ ದೇವರ ಚಿತ್ರದ ಟೈಲ್ಸ್ ಹಚ್ಚಿಸಿದೆ. ಅಣ್ಣ ದೇವರಿಗೆ ಕೈ ಮುಗಿದು ಒಂದು ಮಾರು ಆಚೆ ಉಗುಳತೊಡಗಿದ. ಗಿರಾಕಿ ಬಂದಾಗ ಬಾಯಿ ತುಂಬಿದ್ದರೆ ಗಲ್ಲವನ್ನು ಆಕಾಶಕ್ಕೆತ್ತಿ "ಊಂ, ಊಂ" ಎಂದೇ ವ್ಯಾಪಾರ ಮುಗಿಸುತ್ತಾನೆ. ಒಂದು ದಿನವೂ ನನ್ನ ಕುರ್ಚಿಯ ಮೇಲೆ ಕೂತವನಲ್ಲ. ಅವನ ಜೊತೆ ಊಟಕ್ಕೆ ಕೂತರೆ ನಾನು ತಟ್ಟೆಯ ಕಡೆಯೇ ನೋಡುತ್ತೇನೆ.

ಹೀಗಾಗಿ ಭಾನುವಾರ ಬಂತೆಂದರೆ ನಾನು ಊರಲ್ಲಿ ನಿಲ್ಲುತ್ತಿರಲಿಲ್ಲ. ಕೈಯನ್ನು ಡೆಟಾಲ್ ಹಾಕಿ ಉಜ್ಜಿ ತೊಳೆದು, ಗಾಡಿ ತೆಗೆದು, ರಾಜೇಶ್ವರ ದಾಟಿ ಹುಮನಾಬಾದಿಗೆ ಹೋಗುತ್ತಿದ್ದೆ. ಅಲ್ಲಿ ನಿವೃತ್ತ ನರ್ಸ್ ಒಬ್ಬರ ಮನೆಯಲ್ಲಿ ಪಿಯಾನೋ ಇತ್ತು. ಓಣಿಯ ಜನ ಅವರನ್ನು ನರ್ಸಮ್ಮ ಎನ್ನುತ್ತಿದ್ದರು. ನನಗೆ ಕಲಿಸಿದವರಾದ್ದರಿಂದ ನಾನು ಅಕ್ಕೋರು ಎನ್ನುತ್ತಿದ್ದೆ.

ಅವರು ನನಗೆ ಸಿಕ್ಕಿದ್ದೂ ಹಲ್ಲಿನ ದೆಸೆಯಿಂದಲೇ. ಡ್ರಿಲ್ಲಿನ ಸದ್ದಿಗೆ ರೋಗಿಗಳು ಹೆದರದಿರಲಿ ಎಂದು ನಾನು ದವಾಖಾನೆಯಲ್ಲಿ ಪಿಯಾನೋ ಸಂಗೀತ ಹಚ್ಚಿಡುತ್ತಿದ್ದೆ. ಕಾಲೇಜಿನ ದಿನಗಳಿಂದ ಅಂಟಿಕೊಂಡ ಹುಚ್ಚು ಅದು. ಒಂದು ದಿನ ದವಡೆ ಹಿಡಿದುಕೊಂಡು ಬಂದ ಬಿಳಿಸೀರೆಯ ಹಿರಿಯರೊಬ್ಬರು, ತುಟಿಗೆ ಜೋಮು ಹಿಡಿದಿದ್ದಾಗಲೇ, ತೊದಲುತ್ತ ಅಂದರು: "ಇದನ್ನ ಬರದ ಮನುಷ್ಯಾಗ ಎದಿ ರೋಗ ಇತ್ರಿ. ಕೆಮ್ಮಿ ಕೆಮ್ಮಿ ಸತ್ತ." ನಾನು ಡ್ರಿಲ್ಲು ನಿಲ್ಲಿಸಿದೆ. ಈ ಊರಲ್ಲಿ ಆ ಸಂಗೀತವನ್ನು ಗುರುತು ಹಿಡಿದವರು ಅವರೊಬ್ಬರೇ. ಹಲ್ಲು ಕಿತ್ತು ಮುಗಿಯುವುದರೊಳಗೆ, ಮುಂದಿನ ಭಾನುವಾರ ನಾನು ಅವರ ಮನೆಗೆ ಹೋಗುವುದು ಎಂದು ನಿಶ್ಚಯವಾಗಿತ್ತು.

ಅವರು ಕೆಲಸಕ್ಕಿದ್ದ ಆಸ್ಪತ್ರೆಯ ಪರದೇಶದ ಡಾಕ್ಟರಮ್ಮ ತಮ್ಮ ದೇಶಕ್ಕೆ ಮರಳುವಾಗ ಆ ಪಿಯಾನೋ ಇವರ ಪಾಲಿಗೆ ಬಿಟ್ಟು ಹೋಗಿದ್ದರಂತೆ. ಗೋಡೆಗೆ ಒರಗಿಸಿ ಇಡುವ, ಬೀರುವಿನಷ್ಟು ಎತ್ತರದ ಕಂದು ಪಿಯಾನೋ. ನನ್ನ ಮನೆಯಲ್ಲಿ ಪ್ಲಾಸ್ಟಿಕ್ಕಿನ ಕೀಬೋರ್ಡ್ ಇದೆ, ಆದರೆ ಅದರ ಪಟ್ಟಿ ಒತ್ತಿದರೆ ಕ್ಯಾಲ್ಕುಲೇಟರ್ ಒತ್ತಿದ ಹಾಗಾಗುತ್ತದೆ. ಇಲ್ಲಿ ಬೆರಳು ಒತ್ತಿದರೆ ಒಳಗೆ ಕಟ್ಟಿಗೆ ಅಲುಗಾಡಿ, ಉಣ್ಣೆ ಸುತ್ತಿದ ಪುಟ್ಟ ಸುತ್ತಿಗೆ ಹೋಗಿ ತಂತಿಗೆ ಬಡಿಯುವುದು ಕೈಗೆ ತಿಳಿಯುತ್ತದೆ. ಜೋರಾಗಿ ಒತ್ತಿದರೆ ಜೋರು, ಮೆಲ್ಲಗೆ ಒತ್ತಿದರೆ ಮೆಲ್ಲಗೆ. ಸುಳ್ಳು ಹೇಳದ ವಸ್ತು ನನಗೆ ಆ ಜಿಲ್ಲೆಯಲ್ಲಿ ಅದೊಂದೇ ಕಂಡಿತ್ತು.

ಸಂಗೀತ ಬರೆದವರನ್ನು ಅಕ್ಕೋರು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಯೇ ಇಲ್ಲ. ಜೀವಮಾನ ವಾರ್ಡಿನಲ್ಲಿ ಕಳೆದವರು. ಅಲ್ಲಿ ಕಾಲು ಮುರಿದವನು, ಕಾಮಾಲೆಯವನು ಎಂದು ರೋಗಿಗಳ ಗುರುತು ಇಟ್ಟುಕೊಂಡ ಹಾಗೆ ಸಂಗೀತ ಬರೆದವರ ಗುರುತೂ ರೋಗದ ಮೇಲೆಯೇ. ಎಲ್ಲರಿಗಿಂತ ಹಿರಿಯ ಜರ್ಮನ್, ಮುಪ್ಪಿನಲ್ಲಿ ಕಣ್ಣಿನ ಆಪರೇಶನ್ ಕೆಟ್ಟು ದೃಷ್ಟಿ ಕಳೆದುಕೊಂಡವರು, 'ಕಣ್ಣು ಹೋದವರು'. ಹಿರಿಯರೆಂದು ಅವರಿಗೊಬ್ಬರಿಗೆ ಬಹುವಚನ. ಆಮೇಲಿನವನು 'ಕಿವಿ ಹೋದವ'. ಇನ್ನೊಬ್ಬ 'ಬೆರಳು ಕೆಡಿಸಿಕೊಂಡವ'. ಪೋಲೆಂಡಿನವನು, ನನ್ನ ಡ್ರಿಲ್ಲು ನಿಲ್ಲಿಸಿದವನು, 'ಕೆಮ್ಮಿನವ'. ನನಗೂ ಅದೇ ರೂಢಿಯಾಗಿ ಹೋಯಿತು.

ಕಣ್ಣು ಹೋದವರ ಸಂಗೀತ ಕೇಳುವುದಕ್ಕೆ ಶುದ್ಧ ನೀರು, ನುಡಿಸುವುದಕ್ಕೆ ಶಿಕ್ಷೆ. ಅಲ್ಲಿ ಒಂದು ರಾಗ, ಒಂದು ಪಕ್ಕವಾದ್ಯ ಎಂಬ ವ್ಯವಸ್ಥೆ ಇಲ್ಲ. ಮೂರು ನಾಲ್ಕು ದನಿಗಳು ಒಟ್ಟಿಗೆ ನಡೆಯುತ್ತವೆ, ಎಲ್ಲವೂ ಯಜಮಾನರೇ. ಬಲಗೈ ಒಂದರೊಳಗೇ ಇಬ್ಬರು ಬೇರೆ ಬೇರೆ ಮಾತಾಡುತ್ತಿರುತ್ತಾರೆ, ಎಡಗೈಯ ಕಿರುಬೆರಳು ಮೂರನೆಯವರಿಗೆ ಉತ್ತರ ಕೊಡುತ್ತಿರುತ್ತದೆ. ನಾನು ನುಡಿಸಿದರೆ ಹುಮನಾಬಾದ್ ಬಸ್‌ಸ್ಟ್ಯಾಂಡಿನಲ್ಲಿ ಬೀದರ, ಕಲಬುರಗಿ, ಸೋಲಾಪುರದ ಕಂಡಕ್ಟರುಗಳು ಒಮ್ಮೆಲೇ ಕೂಗಿದ ಹಾಗೆ ಕೇಳುತ್ತಿತ್ತು. ಅಕ್ಕೋರು ಎದ್ದು ಹೋಗಿ ಚಾ ಇಡುತ್ತಿದ್ದರು.

ಕಿವಿ ಹೋದವನ ಕಷ್ಟ ಬೇರೆ. ಅವನ ನಿಧಾನದ ತುಣುಕುಗಳಲ್ಲಿ ಸ್ವರಗಳು ಸುಲಭ, ಮಕ್ಕಳೂ ಒತ್ತಿಯಾರು. ಆದರೆ ಮೆಲ್ಲಗೆ, ಇನ್ನೂ ಮೆಲ್ಲಗೆ ಒತ್ತುತ್ತ ಹೋಗಿ ಸ್ವರ ಸಾಯದ ಹಾಗೆ ನೋಡಿಕೊಳ್ಳಬೇಕು. ನನಗೆ ಅದು ಬರುವ ಮೊದಲೇ ಅವನ ಒಂದು ತುಣುಕು ಹಾಳಾಗಿ ಹೋಗಿತ್ತು. ನಮ್ಮೂರ ಕಾರುಗಳು ಹಿಂದೆ ಸರಿಯುವಾಗ ಪೀಂಪೀಂ ಎಂದು ಬಾರಿಸುವುದು ಅದನ್ನೇ. ಆ ಪುಣ್ಯಾತ್ಮ ಕಿವಿ ಕಳೆದುಕೊಂಡದ್ದು ಒಳ್ಳೆಯದೇ ಆಯಿತು ಎನ್ನಿಸುವಷ್ಟು ನನಗೆ ಮೈ ಉರಿಯುತ್ತದೆ. ಒಮ್ಮೆ ಬ್ಯಾಂಕಿನ ಮುಂದೆ ಒಂದು ಕಾರು ಅದನ್ನು ಬಾರಿಸುತ್ತ ಹಿಂದೆ ಸರಿದು ಎಮ್ಮೆಗೆ ಗುದ್ದಿತು. ಎಮ್ಮೆ ಕಾರಿನ ಮೇಲೆಯೇ ಸಗಣಿ ಹಾಕಿತು. ನನಗೆ ಎಮ್ಮೆಯದೇ ಸರಿ ಎನ್ನಿಸಿತು.

ಬೆರಳು ಕೆಡಿಸಿಕೊಂಡವನ ಮೇಲೆ ನನಗೆ ಸಿಟ್ಟಿಲ್ಲ, ಸಲಿಗೆ ಇದೆ. ಬೆರಳು ಗಟ್ಟಿಯಾಗಲೆಂದು ಏನೋ ಯಂತ್ರ ಕಟ್ಟಿಕೊಂಡು ಕೈಯನ್ನೇ ಕೆಡಿಸಿಕೊಂಡನಂತೆ. ನನ್ನ ಬೆರಳನ್ನು ನನ್ನ ಕಸುಬು ಕೆಡಿಸಿತು. ಹಲ್ಲಿನ ಕೆಲಸ ಮಾಡುವಾಗ ನಾವು ಉಂಗುರ ಬೆರಳನ್ನು ರೋಗಿಯ ಪಕ್ಕದ ಹಲ್ಲಿನ ಮೇಲೆ ಊರಿಕೊಂಡಿರುತ್ತೇವೆ. ಅದು ಅಲುಗಿದರೆ ಕೈ ಜಾರಿತು, ಕೈ ಜಾರಿದರೆ ವಸಡು ಹರಿಯಿತು. ಹೀಗೆ ಅಲುಗಬೇಡ, ಅಲುಗಬೇಡ ಎಂದು ವರ್ಷಗಟ್ಟಲೆ ಕಲಿಸಿದ ಬೆರಳಿಗೆ ಭಾನುವಾರ ಬಂದು ಎದ್ದು ಕುಣಿ ಎಂದರೆ ಅದು ಕೇಳೀತೆ? ಪಟ್ಟಿಯ ಮೇಲೆ ಹೋಗಿ ಊರಿಕೊಂಡು ಕೂತುಬಿಡುತ್ತಿತ್ತು. "ಬೆರಳು ಎತ್ರಿ ಡಾಕ್ಟರೇ, ಅದು ಯಾರ ಹಲ್ಲೂ ಅಲ್ಲ" ಎಂದು ಅಕ್ಕೋರು ನಗುತ್ತಿದ್ದರು.

ಇನ್ನು ಕೆಮ್ಮಿನವ. ಎಲ್ಲರಿಗಿಂತ ನನಗೆ ಬೇಕಾದವನು ಅವನೇ. ಅವನದೊಂದು ಸಣ್ಣ ತುಣುಕು ನನ್ನ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು. ಬಲಗೈ ಹಾಡುತ್ತದೆ, ಎಡಗೈ ಓಡುತ್ತದೆ. ಕೆಳಗಿನ ಒಂದು ಸ್ವರ ಮುಟ್ಟಿ, ಅಲ್ಲಿಂದ ಮೇಲಕ್ಕೆ ಹಾರಿ ಎರಡು ಬಾರಿ ಒತ್ತಿ, ಮತ್ತೆ ನೋಡದೆ ಅದೇ ಕೆಳಗಿನ ಸ್ವರಕ್ಕೆ ಇಳಿಯಬೇಕು. ಕೊನೆಯವರೆಗೂ ಎಡಗೈಗೆ ಇದೇ ದುಡಿಮೆ, ಮತ್ತು ಆ ದುಡಿಮೆ ಕೇಳುವವರಿಗೆ ಗೊತ್ತಾಗಬಾರದು. ಅರ್ಧ ಬೆರಳು ಆಚೆ ಬಿದ್ದರೆ ಎಲ್ಲ ಹೊಲಸು.

ಹೊಲಸನ್ನು ನಾನು ಸಹಿಸಲಾರೆ. ಒಂದು ತಪ್ಪು ಸ್ವರ ಬಿದ್ದರೆ ನಾನು ಅಲ್ಲಿಗೇ ನಿಲ್ಲಿಸಿ ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದೆ. ಹೀಗೆ ಮೊದಲ ಪುಟ ಬೆಣ್ಣೆಯಾಯಿತು, ಕೊನೆಯ ಪುಟಕ್ಕೆ ನಾನು ಹೋಗಿಯೇ ಇರಲಿಲ್ಲ. ವರ್ಷಗಳು ಹೋದವು. ಒಂದಾದರೂ ಪೂರ್ತಿ ನುಡಿಸಿ ಎಂದು ಅಕ್ಕೋರು ಬೇಡುವುದು, ನಾನು ಮೂಗು ಮುರಿಯುವುದು ನಡೆದೇ ಇತ್ತು. "ನಿಮ್ಮ ದವಾಖಾನಿಯೊಳಗ ಒಂದ್ ಬಾಯಿ ತಗದ್ರ ಕೆಲಸ ಮುಗಿಸೇ ಕಳಸ್ತೀರಿ. ಇಲ್ಲಿ ಯಾಕ ಅರ್ಧಕ್ಕ ಎದ್ದು ಹೋಗ್ತೀರಿ?" ಎಂದು ಕೇಳುತ್ತಿದ್ದರು. ತಪ್ಪು ನುಡಿಸುವುದಕ್ಕಿಂತ ನುಡಿಸದಿರುವುದು ಲೇಸು ಎಂದು ನಾನು ಹೇಳುತ್ತಿದ್ದೆ.

ಈ ಸಲದ ಮಳೆಗಾಲದಲ್ಲಿ ಅವರು ಒಂದು ಸುದ್ದಿ ಹೇಳಿದರು. ದೀಪಾವಳಿ ಮುಗಿದ ಮೇಲೆ ಜಹೀರಾಬಾದಿನ ತಂಗಿಯ ಮನೆಗೆ ಹೋಗಿ ಇದ್ದುಬಿಡುವುದು. ತಂಗಿಯ ಮನೆ ಮೂರನೇ ಮಹಡಿಯಲ್ಲಿ, ಪಿಯಾನೋ ಹತ್ತುವುದಿಲ್ಲ. "ನೀವೇ ಒಯ್ರಿ. ಆದ್ರ ನಾ ಹೋಗೋದ್ರೊಳಗ ಆ ಕೆಮ್ಮಿನವನ್ನ ಒಂದ್ ಸಲ ಪೂರಾ ಕೇಳಸ್ರಿ. ಅಷ್ಟೇ ನನ್ನ ಆಸಿ." ಅವರ ಕಿವಿಯೂ ಆಗಲೇ ಮಂದವಾಗತೊಡಗಿತ್ತು. ಮುಂದೆ ಯಾವಾಗಲೋ ಕೇಳಿಸುತ್ತೇನೆ ಎನ್ನುವ ಹಾಗಿರಲಿಲ್ಲ. ನಾನು ಒಪ್ಪಿಕೊಂಡೆ.

ಹೈದರಾಬಾದಿನಿಂದ ಪಿಯಾನೋ ಸಾಗಿಸಲು ಬಲ್ಲವರನ್ನು ದಸರಾ ಆದ ಮೇಲೆ ಕರೆಸುವುದು, ಅಣ್ಣನ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಡುವುದು, ಆಮೇಲೊಂದು ಭಾನುವಾರ ಅಕ್ಕೋರು ಬಂದು ಕೇಳುವುದು ಎಂದು ಮಾತಾಯಿತು. ಕೋಣೆಗಾಗಿ ಅಣ್ಣನನ್ನು ಕೇಳಿದಾಗ ಅವನು ಗಲ್ಲ ಎತ್ತಿ "ಊಂ" ಅಂದ. ಉಗುಳಿ ಬಂದ ಮೇಲೆ, "ಆ ದೊಡ್ಡ ಪೇಟಿ ನಮ್ಮ ಮನಿಗಿ ಬರ್ತದೇನು? ಚಲೋ ಆತು ಬಿಡು" ಅಂದ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ, ಅವನ ಲೆಕ್ಕಕ್ಕೆ ಇದು ಅದರ ಅಪ್ಪ.

ನವಮಿಯ ದಿನ ನಮ್ಮಲ್ಲಿ ಖಂಡೆಪೂಜೆ. ವರ್ಷವಿಡೀ ಅನ್ನ ಹಾಕಿದ ಸಾಮಾನಿಗೆಲ್ಲ ಅಂದು ಸ್ನಾನ, ವಿಭೂತಿ, ಕುಂಕುಮ, ಕಾಯಿ. ಅಣ್ಣ ಅಂಗಡಿಯ ಮುಂದೆ ಪಂಪುಗಳನ್ನೆಲ್ಲ ಸಾಲಾಗಿ ಇಟ್ಟು ಪೈಪು ಹಿಡಿದು ತೊಳೆಯುತ್ತಾನೆ. ನನ್ನ ಇಕ್ಕಳಗಳಿಗೂ ವಿಭೂತಿ ಹಚ್ಚಿ ಹೋಗುತ್ತಾನೆ, ಮರುದಿನ ನಾನು ಅವನ್ನು ಮತ್ತೆ ಕುದಿಸುತ್ತೇನೆ. ಆ ದಿನ ನಾನು ಸ್ನಾನ ಮುಗಿಸಿ ಅಂಗಡಿಗೆ ಹೋದಾಗ ಪಂಪುಗಳ ಸಾಲಿನ ಕೊನೆಯಲ್ಲಿ, ಬಿಸಿಲಿನಲ್ಲಿ, ಪಿಯಾನೋ ನಿಂತಿತ್ತು. ಅದರ ಬುಡದಿಂದ ನೀರು ಸೋರುತ್ತಿತ್ತು.

ಆದದ್ದು ಇಷ್ಟು. ತಮ್ಮನ ಸಾಮಾನೂ ಈ ವರ್ಷದ ಪೂಜೆಗೆ ಸೇರಲಿ, ನೋಡಿ ಖುಷಿಪಡಲಿ ಎಂದು ಅಣ್ಣ ನಸುಕಿನಲ್ಲೇ ಆಳುಗಳೊಂದಿಗೆ ಟೆಂಪೋ ಒಯ್ದು, "ತಮ್ಮನೇ ಕಳಿಸ್ಯಾನ್ರಿ" ಎಂದು ಅಕ್ಕೋರಿಗೆ ಹೇಳಿ, ಪಿಯಾನೋ ಹೊರಿಸಿಕೊಂಡು ಬಂದಿದ್ದ. ಹೈವೇ ಧೂಳು ಕೂತಿದೆ ಎಂದು ಮುಂದಿನ ಹಲಗೆ ಬಿಚ್ಚಿ, ಪಂಪು ತೊಳೆದ ಅದೇ ಪೈಪಿನಿಂದ ಒಳಗೆಲ್ಲ ನೀರು ಬಿಟ್ಟಿದ್ದ. ಮುಚ್ಚಳದ ಮೇಲೆ ಮೂರು ಬೆರಳಿನ ವಿಭೂತಿ. ಪ್ರತಿಯೊಂದು ಪಟ್ಟಿಗೂ ನೆನೆಸಿದ ಕುಂಕುಮದ ಬೊಟ್ಟು. ಒಳಗಿನ ಕಬ್ಬಿಣದ ಚೌಕಟ್ಟಿನ ಮೇಲೆ ಕಾಯಿ ಒಡೆದಿದ್ದರಿಂದ ಕಾಯಿನೀರು ತಂತಿಗಳ ಮೇಲೆ ಹರಿದು ಪಟ್ಟಿಗಳ ಸಂದಿಗೆ ಇಳಿಯುತ್ತಿತ್ತು.

"ಎಲ್ಲಾ ಪಟ್ಟಿಗಿ ಹಚ್ಚೀನಿ ತಮ್ಮಾ, ಕರಿದು ಬಿಳಿದು ಒಂದೂ ಬಿಟ್ಟಿಲ್ಲ," ಎಂದ ಅಣ್ಣ. ಮುಖ ಅರಳಿತ್ತು.

ಪಟ್ಟಿಗಳ ಸಂದಿ ಸಂದಿಯಲ್ಲಿ ಕೆಂಪು ನೀರು ಇಳಿದು, ನಾನು ವಾರವಿಡೀ ನೋಡುವ ಬಾಯಿಯೇ ಅದಾಗಿತ್ತು. ಆ ಹೊತ್ತಿಗೆ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಹೊಲಸು ಕೈಯವನು, ಹೊಲಸು ಬಾಯಿಯವನು, ಮುಟ್ಟಿದ್ದನ್ನೆಲ್ಲ ಹೊಲಸು ಮಾಡುವವನು ಎಂದೆ. ಆಳುಗಳು ಹಾರ ಕಟ್ಟುವುದನ್ನು ಬಿಟ್ಟು ನಿಂತರು. ಅಣ್ಣ ಪೈಪು ಸುತ್ತಿ ಇಡುತ್ತ, "ನೀರಿನ ಸಾಮಾನ ಮಾರಾವ, ನನಗೇನ್ ಗೊತ್ತು," ಎಂದಷ್ಟೇ ಹೇಳಿದ.

ಮರುದಿನ ದಸರಾ. ಬನ್ನಿ ಎಲೆಯನ್ನು ಬಂಗಾರವೆಂದು ಹಿರಿಯರ ಕೈಗೆ ಕೊಟ್ಟು ಕಾಲು ಮುಟ್ಟುವುದು ನಮ್ಮ ಪದ್ಧತಿ. ಎಂಥ ಜಗಳವಿದ್ದರೂ ಆ ಸಂಜೆ ಮುರಿಯುತ್ತದೆ. ನಾನು ಓಣಿಯೆಲ್ಲ ತಿರುಗಿ ಬಂಗಾರ ಕೊಟ್ಟು ಬಂದೆ, ಅಣ್ಣನ ಮುಂದೆ ಹಾದು ಹೋದೆ. ಅವನು ಪಡಸಾಲೆಯಲ್ಲಿ ಹೊಸ ಧೋತರ ಉಟ್ಟು ಕೂತಿದ್ದ. ಮರುದಿನ ಬೆಳಿಗ್ಗೆ ನೋಡಿದರೆ ನನ್ನ ಚಪ್ಪಲಿಯ ಪಕ್ಕದಲ್ಲಿ ಒಂದು ಹಿಡಿ ಬನ್ನಿ ಎಲೆ ಇಟ್ಟಿತ್ತು. ಹಿರಿಯನೇ ಕಿರಿಯನಿಗೆ ಮೊದಲು ಇಡುವ ಪದ್ಧತಿ ಎಲ್ಲಿಯೂ ಇಲ್ಲ. ನಾನು ಎತ್ತಿಕೊಳ್ಳಲಿಲ್ಲ.

ಹಿಂದಿನ ಕೋಣೆಯಲ್ಲಿ ಪೈಪಿನ ಕಟ್ಟುಗಳ ನಡುವೆ ಪಿಯಾನೋ ನಾರತೊಡಗಿತು. ಮೊದಲು ಹುಳಿ ಕಾಯಿನೀರಿನ ವಾಸನೆ, ಆಮೇಲೆ ಒದ್ದೆ ಉಣ್ಣೆಯದು, ಆಮೇಲೆ ಬೂಷ್ಟಿನದು. ಕೆಂಪಿರುವೆಗಳು ಒಳಗೆ ಸಂಸಾರ ಹೂಡಿದವು. ಪಟ್ಟಿಗಳು ಉಬ್ಬಿ ಒಂದಕ್ಕೊಂದು ಅಂಟಿದವು, ಒಂದನ್ನು ಒತ್ತಿದರೆ ಪಕ್ಕದ ಎರಡು ಇಳಿಯುತ್ತಿದ್ದವು. ಹೈದರಾಬಾದಿನ ಪಿಯಾನೋ ರಿಪೇರಿಯವನಿಗೆ ಫೋನು ಮಾಡಿದರೆ ಅವನು ಪೂರ್ತಿ ಕೇಳಿ, "ಧೋ ಡಾಲಾ?", ತೊಳೆದೇಬಿಟ್ಟಿರಾ, ಎಂದು ನಗತೊಡಗಿದ. ದೀಪಾವಳಿಗೆ ಮೊದಲು ಬರಲಾರೆ ಎಂದ.

ಅಕ್ಕೋರು ಹೊರಡುವ ದಿನ ಹತ್ತಿರ ಬರುತ್ತಿತ್ತು. ನಾನು ದವಾಖಾನೆಯ ಸಲಕರಣೆ ತಂದು ಕೂತೆ. ಪಟ್ಟಿಗಳನ್ನು ಒಂದೊಂದಾಗಿ ಬಿಡಿಸಿ ತೆಗೆದು, ಹಲ್ಲು ಕೆರೆಯುವ ಕೊಕ್ಕೆಯಿಂದ ಸಂದಿಯ ಕುಂಕುಮ ಕೆರೆದು, ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿದೆ. ಕೆರೆದಷ್ಟೂ ಕೆಂಪು ಬರುತ್ತಿತ್ತು. ದವಾಖಾನೆಯಲ್ಲಿ ಯಾವುದನ್ನು ಕಂಡು ಓಡಿಹೋಗುತ್ತಿದ್ದೆನೋ ಅದನ್ನೇ ನನ್ನ ಭಾನುವಾರದ ಒಳಗೆ ಕೆರೆಯುತ್ತ ಕೂತಿದ್ದೆ. ಫ್ಯಾನು ಹಚ್ಚಿ ಒಣಗಿಸಿದೆ. ಅಣ್ಣ ಬಾಗಿಲಲ್ಲಿ ಬಂದು ನಿಂತು, ನಾನು ತಲೆ ಎತ್ತದಿರುವುದನ್ನು ನೋಡಿ, ಹೋಗುತ್ತಿದ್ದ. ಒಂದು ಸಂಜೆ ಯಾರೋ ಅಂಗಡಿಯ ದೊಡ್ಡ ಫ್ಯಾನನ್ನೂ ತಂದು ಪಿಯಾನೋ ಕಡೆ ತಿರುಗಿಸಿ ಇಟ್ಟಿದ್ದರು. ಗಿರಾಕಿಗಳು ಮುಂದೆ ಬೆವರುತ್ತ ನಿಂತಿದ್ದರು.

ದೀಪಾವಳಿಯ ಹಿಂದಿನ ಭಾನುವಾರ ಅಕ್ಕೋರು ಬಂದರು. ಅಷ್ಟರಲ್ಲಿ ಪಟ್ಟಿಗಳು ಹೆಚ್ಚು ಕಡಿಮೆ ಏಳತೊಡಗಿದ್ದವು, ಶ್ರುತಿ ಅಲ್ಲಲ್ಲಿ ಬಿದ್ದಿತ್ತು. ಆದರೆ ಕಾಯಿ ಒಡೆದ ಜಾಗದ ಕೆಳಗಿನ ಒಂದು ಪಟ್ಟಿ ಮಾತ್ರ ಒತ್ತಿದರೆ ಇಳಿದು ಅಲ್ಲೇ ಉಳಿಯುತ್ತಿತ್ತು. ಏನು ಮಾಡಿದರೂ ತಾನಾಗಿ ಏಳಲೊಲ್ಲದು. ಬೇರೆ ಯಾವುದಾದರೂ ಆಗಿದ್ದರೆ ನಡೆಯುತ್ತಿತ್ತು. ಅದು ಕೆಮ್ಮಿನವನ ಎಡಗೈ ಮತ್ತೆ ಮತ್ತೆ ಇಳಿದು ಬರುವ ಆ ಕೆಳಗಿನ ಸ್ವರ.

ಅಕ್ಕೋರು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಮುಚ್ಚಳದ ಮೇಲಿನ ವಿಭೂತಿಯ ಕಲೆ ನೋಡಿದರು, ವಾಸನೆ ನೋಡಿದರು. ಮುಖ ಸಿಂಡರಿಸಲಿಲ್ಲ. "ನಾಕು ದಿನ ಆದ ಗಾಯದ ವಾಸನಿ ಇದಕ್ಕಿಂತ ಕೆಟ್ಟ ಇರ್ತದ್ರಿ," ಅಂದರು. ನಾನು ಆ ಪಟ್ಟಿ ಒತ್ತಿ ತೋರಿಸಿದೆ. ಅದು ಇಳಿದು ಉಳಿಯಿತು.

"ಆಗೂದಿಲ್ರಿ ಅಕ್ಕೋರ," ಎಂದೆ. "ಇದರ ಮ್ಯಾಲ ನುಡಿಸಿದ್ರ ನಿಮಗೂ ಹೊಲಸು, ಕೆಮ್ಮಿನವನಿಗೂ ಹೊಲಸು."

ಅಣ್ಣ ಬಾಗಿಲಲ್ಲಿದ್ದ. ಆಗಷ್ಟೇ ಪುಡಿಕೆ ಹರಿದು ಬಾಯಿಗೆ ಹಾಕಿಕೊಂಡಿದ್ದ. ಗಲ್ಲ ಎತ್ತಿ, ತುಟಿ ಬಿಗಿಹಿಡಿದು, ಹೇಗೋ ಅಂದ: "ಅದನ್ನ ನಾ ಎತ್ತತೀನಿ. ನೀ ಬಾರಸು."

ಬೇಡ ಎನ್ನುವುದರೊಳಗೆ ಅಕ್ಕೋರು ಸರಿದು ದಾರಿ ಬಿಟ್ಟರು. "ಬರ್ರಿ ಬರ್ರಿ. ಅವರು ಒತ್ತಿ ಕೈ ತಗದ ಕೂಡ್ಲೇ ಎತ್ರಿ." ಅಣ್ಣ ನನ್ನ ಎಡಕ್ಕೆ, ನಾನು ಕೂತ ಬೆಂಚಿನ ಮೇಲೆಯೇ, ತೊಡೆಗೆ ತೊಡೆ ತಾಗಿಸಿ ಕೂತ. ಗುಟ್ಕಾದ ಸಿಹಿ ಘಾಟು ವಾಸನೆ ನೇರ ನನ್ನ ಮುಖಕ್ಕೆ ಬಡಿಯಿತು. ಅವನ ಹೆಬ್ಬೆರಳಿನ ಉಗುರಿನಲ್ಲಿ ಗ್ರೀಸು ಕೂತಿತ್ತು. ಆ ಬೆರಳನ್ನು ಪಟ್ಟಿಯ ಅಂಚಿಗೆ ಕೊಟ್ಟು ನನ್ನ ಕೈಯನ್ನೇ ನೋಡತೊಡಗಿದ. ಅಕ್ಕೋರ ಮುಖ ನೋಡಿ ನಾನು ಶುರು ಮಾಡಿದೆ.

ನಾನು ಒತ್ತಿದೆ, ಅವನು ಎತ್ತಿದ. ಒತ್ತಿದೆ, ಎತ್ತಿದ. ತಾಳ ಅವನಿಗೆ ತಿಳಿಯದು, ಆದರೆ ಜೀವನವಿಡೀ ಮಶೀನಿನ ಹತ್ತಿರ ಕೂತವನಿಗೆ ಒಂದು ಕೆಲಸ ತಿರುತಿರುಗಿ ಬರುವುದು ಬಲು ಬೇಗ ಕೈಗೆ ಹತ್ತಿತು. ಮೊದಲ ಪುಟದಲ್ಲೇ ನನ್ನ ಉಂಗುರ ಬೆರಳು ಊರಿಕೊಂಡು ಒಂದು ಸ್ವರ ತಪ್ಪಿತು. ಅಭ್ಯಾಸದಂತೆ ನಿಲ್ಲಿಸಲು ಕೈ ಎತ್ತಬೇಕು, ಆದರೆ ಅವನು ಆಗಲೇ ಪಟ್ಟಿ ಎತ್ತಿ ಮುಂದಿನದಕ್ಕೆ ಕಾಯುತ್ತಿದ್ದ. ಅವನ ಮಟ್ಟಿಗೆ ಏನೂ ತಪ್ಪಿರಲಿಲ್ಲ. ನನ್ನ ಎಡಗೈ ತಾನಾಗಿ ಇಳಿಯಿತು.

ಹಾಳೆ ತಿರುವಿದೆ. ಇಲ್ಲಿಗೆ ನಾನು ಹೆಚ್ಚು ಬಂದವನಲ್ಲ. ತಪ್ಪುಗಳು ಹೆಚ್ಚಿದವು, ಬೂಷ್ಟು ಹಿಡಿದ ಸುತ್ತಿಗೆಗಳು ಕೆಲವು ಸ್ವರ ನುಂಗಿದವು. ಪಕ್ಕದಲ್ಲಿ ಅಣ್ಣನ ಬಾಯಿ ತುಂಬುತ್ತ ಬಂತು. ಗಲ್ಲ ಮೇಲೆ ಹೋಯಿತು, ಕಣ್ಣು ಮಾತ್ರ ಕೆಳಗೆ ಪಟ್ಟಿಯ ಮೇಲೆ. ಮೂಗಿನಿಂದ ಸುಂಯ್‌ಗುಡುವ ಉಸಿರು ನನ್ನ ಕಿವಿಯಲ್ಲಿ. ತುಟಿಯ ಮೂಲೆಯಿಂದ ಕೆಂಪು ಹನಿಯೊಂದು ಜಾರಿ ನಾನು ಕೆರೆದು ಬೆಳ್ಳಗೆ ಮಾಡಿದ ಪಟ್ಟಿಯ ಮೇಲೆ ಬಿತ್ತು. ಎದ್ದು ಹೋಗಿ ಉಗುಳಿ ಬಾ ಎಂದು ಕಣ್ಣಲ್ಲೇ ಸನ್ನೆ ಮಾಡಿದೆ. ಅವನು ತಲೆ ಅಲ್ಲಾಡಿಸಿ "ಊಂ, ಊಂ" ಎಂದ. ನಡೆ, ನಡೆ ಎಂದು ಅದರ ಅರ್ಥ. ಅವನು ಎದ್ದರೆ ಸ್ವರ ಏಳುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಕೊನೆಯ ಪುಟಕ್ಕೆ ಬಂದಾಗ ಆ ಸದ್ದು ಕೇಳಿತು. ಗುಟ್ಕಾ ತಿನ್ನುವವರು ಏನು ಬೇಕಾದರೂ ಮಾಡುತ್ತಾರೆ, ಆ ರಸ ನುಂಗುವುದಿಲ್ಲ. ನುಂಗಿದರೆ ಏನಾಗುತ್ತದೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಅಣ್ಣ ನುಂಗಿದ. ಬಾಯಿ ತುಂಬ ಇದ್ದದ್ದನ್ನು ಎರಡು ಗುಟುಕಿನಲ್ಲಿ ನುಂಗಿದ, ಮೈ ನಡುಗಿತು, ಹಣೆಯ ಮೇಲೆ ಬೆವರು ಒಡೆಯಿತು. ಬೆರಳು ಪಟ್ಟಿಯ ಅಂಚಿನಲ್ಲೇ ಇತ್ತು. ನಾನು ಒತ್ತಿದೆ, ಅವನು ಎತ್ತಿದ.

ಕೆಮ್ಮಿನವನ ಆ ತುಣುಕು ಕೊನೆಯಲ್ಲಿ ಬಹಳ ಮೆಲ್ಲಗೆ ಆಗಿ ನಿಲ್ಲುತ್ತದೆ. ಅದು ಹೇಗೆ ನಿಲ್ಲುತ್ತದೆ ಎಂದು ನನ್ನ ಕೈಯಿಂದ ನಾನು ಅಂದೇ ಮೊದಲು ಕೇಳಿದ್ದು. ಅಕ್ಕೋರು ಕಣ್ಣು ಒರೆಸಿಕೊಂಡು, "ಮುಗೀತಲ್ರಿ," ಎಂದರು.

ಅಣ್ಣ ಆಗಲೇ ಎದ್ದು ಓಡಿದ್ದ. ಹಿಂದಿನ ಬಾಗಿಲ ಆಚೆಯ ಗಟಾರದ ಹತ್ತಿರ ಬಗ್ಗಿ ಕಾರಿಕೊಳ್ಳುತ್ತಿದ್ದ, ಕರುಳೇ ಬರುವ ಹಾಗೆ. ನಾನು ಹೋಗಿ ಅವನ ಹಣೆ ಹಿಡಿದೆ. ಬೆಳಗಿನ ಇಡ್ಲಿ, ಕೆಂಪು ರಸ, ಅಡಿಕೆಯ ಚೂರು ಎಲ್ಲ ಬಂತು. ನನ್ನ ಕಾಲಿನ ಮೇಲೂ ಬಿತ್ತು. ನಡುವೆ ಉಸಿರು ಸಿಕ್ಕಾಗ ಅವನು ತಲೆ ಎತ್ತದೆಯೇ ಕೇಳಿದ, "ನನ್ನ ಕಡಿಂದ ಎಲ್ಲೂ ತಪ್ಪಿಲ್ಲಲ್ಲ ತಮ್ಮಾ?"

"ಇಲ್ಲಣ್ಣಾ," ಎಂದೆ. "ಎಲ್ಲೂ ಇಲ್ಲ."

ಅವನು ಮತ್ತೆ ಬಗ್ಗಿದ. ಆ ವಾಸನೆ ಹೇಸಿಗೆ ಎಂದರೆ ಹೇಸಿಗೆ. ಅವನಿಗೆ ಪೂರಾ ಆಗುವವರೆಗೆ ನಾನು ಕೈ ತೆಗೆಯಲಿಲ್ಲ.